ಪಂಚನಾಮೆಯ ಒಂದು ಪದ: ತೌಕ್ತೆ ಚಂಡಮಾರುತ ಬಂದ ರಾತ್ರಿ, ಆಮೇಲಿನ ದಿನಗಳು

ನಮ್ಮ ಮನೆಯ ಪಡು ಬದಿಯಲ್ಲಿ 11 ತೆಂಗಿನ ಮರ ಇದ್ದವು. 2021ರ ಮೇ 15ರ ಬೆಳಿಗ್ಗೆ ಅಷ್ಟೂ ಇದ್ದವು. ಮರುದಿನ ಬೆಳಿಗ್ಗೆ ಎಣಿಸಿದಾಗ 4. ಉಳಿದ 7 ಮರ ಬೇರು ಸಮೇತ ಕಡಲಿಗೆ ಹೋಗಿದ್ದವು. ಅಜ್ಜ ನೆಟ್ಟ ಮರಗಳು ಅವು.

ನಮ್ಮೂರು ಮರವಂತೆ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ ಇರುವ ಫೋಟೊ ನೀವೆಲ್ಲ ನೋಡಿರುತ್ತೀರಿ. ಜನ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವ ಆ ಜಾಗದಿಂದ ಸ್ವಲ್ಪ ಮುಂದೆ ನಮ್ಮ ಕೇರಿ. ಮನೆಗಳ ಮುಂದೆ ಒಂದು ಕಾಂಕ್ರೀಟ್ ರಸ್ತೆ, ಅದರಾಚೆ ದೋಣಿ ಎಳೆದಿಡುವ ದಡ, ಆಮೇಲೆ ಕಡಲು. ಅಪ್ಪಯ್ಯನದು ಚಿಕ್ಕ ನಾಡದೋಣಿ, ಬೀಡುಬಲೆ. ನಾನು ಬೆಂಗಳೂರಲ್ಲಿ ಕೆಲಸ ಮಾಡುವವಳು. ಕೊರೊನಾದ ಎರಡನೇ ಅಲೆ ಎದ್ದಾಗ ಏಪ್ರಿಲ್‌ನಲ್ಲೇ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದಿದ್ದೆ. ಹಾಗಾಗಿ ಆ ರಾತ್ರಿಯೂ ಇದ್ದೆ, ಆಮೇಲೆ ಪರಿಹಾರಕ್ಕಾಗಿ ಮೂರು ತಿಂಗಳು ನಡೆದ ಕಾಗದದ ಓಡಾಟಕ್ಕೂ ನಾನೇ ಇದ್ದೆ. ಇಲ್ಲಿ ಎರಡನ್ನೂ ಬರೆಯುತ್ತೇನೆ. ರಾತ್ರಿಯ ಕಥೆ ಪೇಪರ್‌ನಲ್ಲಿ, ಟಿವಿಯಲ್ಲಿ ಒಂದಿಷ್ಟು ಬಂದಿದೆ. ಕಾಗದದ ಕಥೆ ಎಲ್ಲೂ ಬಂದದ್ದು ನೋಡಿಲ್ಲ.

ಮೇ 13ರಂದು ಲಕ್ಷದ್ವೀಪದ ಹತ್ತಿರ ವಾಯುಭಾರ ಕುಸಿತ ಎಂದು ಸುದ್ದಿ ಬಂತು. ಮರುದಿನ ಅಕ್ಷಯ ತದಿಗೆ. ಅಮ್ಮ ಪಾಯಸ ಮಾಡಿದ್ದಳು. ಆ ರಾತ್ರಿಯೇ ಅದು ಚಂಡಮಾರುತ ಆಯಿತು. ಹೆಸರು ತೌಕ್ತೆ. ಮ್ಯಾನ್ಮಾರ್ ಕೊಟ್ಟ ಹೆಸರು, ಹಲ್ಲಿ ಜಾತಿಯ ಪ್ರಾಣಿಯ ಹೆಸರಂತೆ. ಕಡಲಿಗೆ ಇಳಿಯಬೇಡಿ ಎಂಬ ಸೂಚನೆ ಮೊದಲೇ ಬಂದಿತ್ತು, ಮೊಬೈಲ್‌ಗಳಲ್ಲಿ ಓಡಾಡುತ್ತಲೇ ಇತ್ತು. ನಮ್ಮ ಕಡೆಯವರು ಯಾರೂ ಇಳಿದಿರಲಿಲ್ಲ. ಇದನ್ನು ಹೇಳಲೇಬೇಕು. ಮೊದಲೆಲ್ಲ ಕಡಲಿಗೆ ಹೋದವರ ದಾರಿ ಕಾಯುತ್ತಾ ಹೆಂಗಸರು ದಡದಲ್ಲಿ ನಿಂತಿರುತ್ತಿದ್ದರು. ಆ ರಾತ್ರಿ ನಮ್ಮ ಗಂಡಸರೆಲ್ಲ ದಡದಲ್ಲೇ ಇದ್ದರು. ಮುನ್ಸೂಚನೆಯಿಂದ ಆದ ಉಪಕಾರ ಅದು.

ಆದರೆ ದಡಕ್ಕೆ ಏನಾದೀತು ಎಂದು ನಾವು ಅಷ್ಟು ಯೋಚಿಸಿರಲಿಲ್ಲ. ಅಪ್ಪಯ್ಯನ ಲೆಕ್ಕ ಅಮಾವಾಸ್ಯೆ ಹುಣ್ಣಿಮೆಯದು. "ಅಮಾಸಿ ಹೋಯಿ ನಾಲ್ಕ್ ದಿನ ಆಯ್ತ್, ಕಡ್ಲ್ ಅಷ್ಟ್ ಮೇಲ್ ಬಪ್ಪುದಲ್ಲ" ಎಂದರು. ಚಂಡಮಾರುತ ಬೇರೆ ನಮ್ಮ ಮೇಲೆ ಬರುವುದಿಲ್ಲ, ಗುಜರಾತಿಗೆ ಹೋಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಹೋದದ್ದೂ ಅಲ್ಲಿಗೇ. ಮೇ 17ರ ರಾತ್ರಿ ದಿಯು ಹತ್ತಿರ, ಊನಾ ಕಡೆ ನೆಲ ಮುಟ್ಟಿತು. ನಮ್ಮ ದಡದ ಎದುರು ಹಾದು ಹೋಗುವಾಗ ಅದರ ಕಣ್ಣು, ಅಂದರೆ ನಡುಭಾಗ, ಸುಮಾರು 200 ಕಿಲೋಮೀಟರ್ ದೂರ, ಕಡಲಿನಲ್ಲೇ ಇತ್ತು. ಅಷ್ಟು ದೂರದಲ್ಲಿ ಹೋಗುವುದು ನಮಗೇನು ಮಾಡೀತು ಎಂಬ ಧೈರ್ಯ.

15ರ ಬೆಳಿಗ್ಗೆ ಗಾಳಿ ಮೂಡು ಬದಿಯಿಂದ ಬರುತ್ತಿತ್ತು. ಅದೇ ವಿಚಿತ್ರ. ನಮ್ಮಲ್ಲಿ ಮಳೆಗಾಲದ ಗಾಳಿ ಬರುವುದು ಪಡುವಿನಿಂದ. ಮಧ್ಯಾಹ್ನದ ಹೊತ್ತಿಗೆ ಗಾಳಿ ತೆಂಕಕ್ಕೆ ತಿರುಗಿತು. ಅಪ್ಪಯ್ಯ ಊಟಕ್ಕೆ ಕೂತವರು ಎದ್ದುಬಿಟ್ಟರು. "ಗಾಳಿ ತೆಂಕ್ ತಿರ್ಗಿತ್. ದೋಣಿ ಎಳೀಕ್." ಆಮೇಲೆ ನಾನು ಓದಿ ತಿಳಿದುಕೊಂಡೆ. ನಮ್ಮ ಭಾಗದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ನಮಗೆ ನೈಋತ್ಯದಲ್ಲಿ ಇರುವಾಗ ಗಾಳಿ ಮೂಡಣ ಕಡೆಯಿಂದ ಬೀಸುತ್ತದೆ, ಸರಿಯಾಗಿ ಪಡುವಿಗೆ ಬಂದಾಗ ತೆಂಕಣದಿಂದ. ಗಾಳಿ ತಿರುಗಿತು ಎಂದರೆ ಕಣ್ಣು ನಮ್ಮ ಎದುರಿಗೆ ಬರುತ್ತಿದೆ ಎಂದರ್ಥ. ಅಪ್ಪಯ್ಯನಿಗೆ ಈ ವಿವರಣೆ ಗೊತ್ತಿರಲಿಲ್ಲ, ಆದರೆ ಮುಖಕ್ಕೆ ಬಡಿದ ಗಾಳಿಯಿಂದಲೇ ವಿಷಯ ಗೊತ್ತಾಗಿತ್ತು.

ಹನ್ನೆರಡು ಹದಿಮೂರು ಜನ ಸೇರಿ ದೋಣಿಗಳನ್ನು ಒಂದೊಂದಾಗಿ ರಸ್ತೆಗೆ ಎಳೆದರು. ಲಾಕ್‌ಡೌನ್, ಮಾಸ್ಕ್, ಅಂತರ ಯಾವುದೂ ಆ ಹೊತ್ತಿಗೆ ನೆನಪಾಗಲಿಲ್ಲ. ಇಂಜಿನ್‌ಗಳನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗಳಿಗೆ ತಂದರು. ರಸ್ತೆವರೆಗೆ ಕಡಲು ಬರುವುದಿಲ್ಲ ಎಂಬ ನಂಬಿಕೆ. ಸಂಜೆ ಐದರ ಹೊತ್ತಿಗೆ ರಸ್ತೆಯೇ ಮುರಿಯತೊಡಗಿತು.

ಕಾಂಕ್ರೀಟ್ ರಸ್ತೆ ಮುರಿಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮೇಲಿನಿಂದ ಅಲೆ ಬಡಿದು ಒಡೆಯುವುದಲ್ಲ ಅದು. ಅಲೆ ಅಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತು ರಸ್ತೆ ಹಲಗೆಯ ಹಾಗೆ ಗಾಳಿಯಲ್ಲಿ ನಿಂತಿರುತ್ತದೆ. ಆಮೇಲೆ ತನ್ನದೇ ಭಾರಕ್ಕೆ ಚಟ್ಟನೆ ತುಂಡಾಗುತ್ತದೆ. ಆ ಶಬ್ದ ಗಾಳಿ, ಮಳೆ ಎಲ್ಲವನ್ನೂ ಮೀರಿ ಕೇಳುತ್ತಿತ್ತು. ತೆಂಗಿನ ಮರ ಹೋಗುವುದೂ ಹಾಗೆಯೇ. ಮೊದಲು ಬೇರು ಕಾಣುತ್ತದೆ, ಮರ ಕಡಲಿನ ಕಡೆ ಸ್ವಲ್ಪ ಬಾಗುತ್ತದೆ, ಹಾಗೇ ಒಂದರ್ಧ ಗಂಟೆ ನಿಲ್ಲುತ್ತದೆ. ನಿಂತೇಬಿಡುತ್ತದೇನೋ ಎಂದು ಆಸೆಯಿಂದ ನೋಡುತ್ತಿರುವಾಗಲೇ ಮಲಗಿಬಿಡುತ್ತದೆ. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ನೋಡಲು ಆಗಲಿಲ್ಲ.

ಕತ್ತಲಾಗುವ ಮೊದಲೇ ಕರೆಂಟ್ ಹೋಯಿತು. ಮಳೆಯೂ ಜಾಸ್ತಿಯಾಯಿತು. ಹೊಳೆಯಾಚೆಯ ನಾಡ ಗ್ರಾಮದಲ್ಲಿ ಆ 24 ಗಂಟೆಯಲ್ಲಿ 385 ಮಿಲಿಮೀಟರ್ ಮಳೆ ದಾಖಲಾಯಿತು ಎಂದು ಮರುದಿನ ಗೊತ್ತಾಯಿತು. ಮೇ ತಿಂಗಳಲ್ಲಿ, ಒಂದೇ ದಿನಕ್ಕೆ! ಕಡಲು ಉಬ್ಬಿದ್ದರಿಂದ ಹೊಳೆಯ ನೀರು ಇಳಿಯಲು ಜಾಗ ಇರಲಿಲ್ಲ. ಪಡುವಿನಿಂದ ಕಡಲು, ಮೂಡಿನಿಂದ ಹೊಳೆ, ಮೇಲಿನಿಂದ ಮಳೆ.

ರಾತ್ರಿ ಎಂಟೂವರೆಗೆ ಅಡುಗೆಮನೆಯ ಗೋಡೆಗೆ ಮೊದಲ ಅಲೆ ತಾಗಿತು. ನಾವು ಹೊರಟೆವು. ಒಂದು ಬ್ಯಾಗಿನಲ್ಲಿ ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಆರ್‌ಟಿಸಿ (ಜಾಗದ ಪಹಣಿ), ದೋಣಿಯ ಲೈಸೆನ್ಸ್. ಅಮ್ಮನ ಬಿಪಿ ಮಾತ್ರೆ. ನನ್ನ ಲ್ಯಾಪ್‌ಟಾಪ್. ಹೆದ್ದಾರಿ ದಾಟಿ ಶಾಲೆಯ ಕಡೆ ಹೋಗಬೇಕಿತ್ತು. ಅಲ್ಲಿ ಕಾಳಜಿ ಕೇಂದ್ರ ತೆರೆಯುತ್ತಾರೆ ಎಂದು ಪಂಚಾಯ್ತಿಯಿಂದ ಫೋನ್ ಬಂದಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಎರಡು ಮನೆಯಾಚೆ ಒಬ್ಬರು ಚಿಕ್ಕಮ್ಮ ಇದ್ದಾರೆ. ಸಂಬಂಧದಲ್ಲಿ ಚಿಕ್ಕಮ್ಮ ಅಲ್ಲ, ಕರೆಯುವುದು ಹಾಗೆ. ಅವರ ಮಗನಿಗೆ ಮೂರು ದಿನದ ಹಿಂದೆ ಪಾಸಿಟಿವ್ ಬಂದಿತ್ತು. ಇಡೀ ಮನೆಯವರು ಹೊರಗೆ ಕಾಲಿಡುವಂತಿರಲಿಲ್ಲ. ಕಡಲು ಅವರ ಮನೆಗೂ ಬರುತ್ತಿತ್ತು. ನಾವು ಬಾಗಿಲು ಬಡಿದಾಗ ಚಿಕ್ಕಮ್ಮ ಕಿಟಕಿಯಿಂದಲೇ "ಹತ್ರ ಬರ್ಬೇಡಿ, ಹತ್ರ ಬರ್ಬೇಡಿ" ಎಂದು ಕೂಗಿದರು. ಗೋಡೆ ಬೀಳುವ ಹಾಗಿದೆ. ಆದರೂ ಅವರ ಚಿಂತೆ ನಮಗೆ ರೋಗ ತಗುಲೀತು ಎಂದು! ಶಾಲೆಗೆ ಬಂದರೆ ಉಳಿದವರಿಗೆ ತೊಂದರೆ, ಬರದಿದ್ದರೆ ಇವರ ಜೀವಕ್ಕೆ ತೊಂದರೆ. ಕೊನೆಗೆ ಕೇರಿಯ ಹುಡುಗನೊಬ್ಬ ಮೀನು ಸಾಗಿಸುವ ತನ್ನ ಟೆಂಪೊ ತಂದ. ಹಿಂದಿನ ಡಬ್ಬದಲ್ಲಿ ಅವರ ಮನೆಯ ನಾಲ್ಕೂ ಜನರನ್ನು ಕೂರಿಸಿ, ಟಾರ್ಪಾಲು ಕಟ್ಟಿ, ಶಾಲೆಯ ಅಂಗಳದ ಒಂದು ಮೂಲೆಯಲ್ಲಿ ನಿಲ್ಲಿಸಿದ. ಬೆಳಗಾಗುವ ತನಕ ಅವರು ಅದರಲ್ಲೇ ಇದ್ದರು. ಜ್ವರ ಬಂದ ಹುಡುಗ ಐಸ್ ಬಾಕ್ಸ್‌ಗಳ ನಡುವೆ ಮಲಗಿದ್ದ. ಅಮ್ಮ ಗಂಜಿ ಒಯ್ದು ಹತ್ತು ಮಾರು ದೂರದಲ್ಲಿ ಇಟ್ಟು ಬಂದಳು. ನಾವೆಲ್ಲ ಒಣಗಿದ ನೆಲದ ಮೇಲೆ ಕೂತಿದ್ದೆವು, ಅವರು ಅಲ್ಲಿ. ಇದು ನೆನಪಾದಾಗಲೆಲ್ಲ ನನಗೆ ಈಗಲೂ ಗಂಟಲು ಕಟ್ಟುತ್ತದೆ. ಅವರೆಲ್ಲ ಹುಷಾರಾದರು.

16ರ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಾಗ ವಾಪಸ್ ಹೋದೆವು. ರಸ್ತೆಯ ದೊಡ್ಡ ಭಾಗ ಇರಲಿಲ್ಲ. ಅಡುಗೆಮನೆಯ ಪಡು ಗೋಡೆ ಬಿದ್ದಿತ್ತು, ಮಾಡಿನ (ಛಾವಣಿಯ) ಹಂಚು ಹಾರಿತ್ತು. ದೋಣಿ ಪಕ್ಕದ ಮನೆಯ ಜಗಲಿಗೆ ಬಡಿದು, ಒಂದು ಬದಿ ಸೀಳಿತ್ತು. ಬಲೆಗಳನ್ನು ಇಡುತ್ತಿದ್ದ ಶೆಡ್ಡು ಇದ್ದ ಗುರುತೂ ಇರಲಿಲ್ಲ. ಅಮ್ಮ ಮೊದಲು ನೋಡಿದ್ದು ಒಣಮೀನಿನ ಗೋಣಿಗಳನ್ನು. ಬಂಗುಡೆ, ಒಣ ಚಟ್ಲಿ (ಸಿಗಡಿ), ಎಲ್ಲ ಮಳೆಗಾಲಕ್ಕೆಂದು ಮಾರ್ಚ್‌ನಿಂದ ಒಣಗಿಸಿ ಕಟ್ಟಿಟ್ಟದ್ದು. ಅರ್ಧ ನಮಗೆ, ಅರ್ಧ ಮಾರಲಿಕ್ಕೆ. ಜೂನ್, ಜುಲೈ ಯಾಂತ್ರಿಕ ದೋಣಿಗಳಿಗೆ ರಜೆ, ನಮ್ಮ ನಾಡದೋಣಿಯೂ ಕಡಲು ಬಿಟ್ಟ ದಿನ ಮಾತ್ರ ಇಳಿಯಬೇಕು. ಆ ಎರಡು ತಿಂಗಳ ಖರ್ಚು ಅಮ್ಮನ ಆ ಗೋಣಿಗಳಿಂದ ನಡೆಯುತ್ತಿತ್ತು. ಗೋಣಿಗಳು ಉಪ್ಪುನೀರಲ್ಲಿ ನೆನೆದು ಮರಳು ತುಂಬಿಕೊಂಡಿದ್ದವು.

ನಮ್ಮದು ಇಷ್ಟಾದರೆ ಕಡಲಲ್ಲಿ ಇದ್ದವರ ಪಾಡು ಬೇರೆಯೇ. ಕಾಪು ಹತ್ತಿರ ಬಂಡೆಗೆ ಸಿಕ್ಕಿಬಿದ್ದ ಟಗ್‌ನಿಂದ (ದೊಡ್ಡ ಹಡಗು ಎಳೆಯುವ ಚಿಕ್ಕ ಹಡಗು) 9 ಜನರನ್ನು 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆಯವರು ಬದುಕಿಸಿ ತಂದರು. ಅದೇ ದಿನ ಮುಂಬೈಯಾಚೆ ಪಿ-305 ಎಂಬ ಬಾರ್ಜ್ (ಕೆಲಸಗಾರರು ಉಳಿಯುತ್ತಿದ್ದ ತೇಲು ಹಡಗು) ಮುಳುಗಿತು. ಅದರಲ್ಲಿದ್ದ 261 ಜನರಲ್ಲಿ 70ಕ್ಕೂ ಜಾಸ್ತಿ ಜನ ಮನೆಗೆ ಮರಳಲಿಲ್ಲ. ಆ ಸುದ್ದಿ ಕೇಳುವಾಗ ಅಪ್ಪಯ್ಯ ರೇಡಿಯೊದ ಮುಂದೆ ಕೈ ಮುಗಿದು ಕೂತಿದ್ದರು.

ಇನ್ನು ಕಾಗದದ ಕಥೆ.

ಎರಡು ದಿನದ ನಂತರ ಗ್ರಾಮಲೆಕ್ಕಿಗರು ಮತ್ತು ಅವರ ಸಹಾಯಕ ಉಗ್ರಾಣಿ ಬಂದರು. ಬಹಳ ಒಳ್ಳೆಯ ಜನ. ಎರಡು ದಿನದಿಂದ ನಿದ್ದೆ ಇರಲಿಲ್ಲ ಎಂದು ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಮುರಿದ ಗೋಡೆಯ ಹತ್ತಿರ ನಿಂತು ಫೋಟೊ ತೆಗೆದರು, ಪಂಚನಾಮೆ (ಸಾಕ್ಷಿಗಳ ಎದುರು ಬರೆಯುವ ಹಾನಿಯ ವರದಿ) ಬರೆದರು, ಕೇರಿಯ ಐದು ಜನರ ಸಹಿ ಹಾಕಿಸಿದರು. ನಾನು ಓದಿ ನೋಡಿದೆ. 'ಕಡಲ್ಕೊರೆತದಿಂದ ಮನೆಯ ಗೋಡೆ ಕುಸಿದಿದ್ದು' ಎಂದಿತ್ತು. ನಮ್ಮೂರಲ್ಲಿ ನೂರಾರು ಸಲ ಕೇಳಿದ ಪದ. ನನಗೇನೂ ಅನಿಸಲಿಲ್ಲ. ಸಹಿ ಹಾಕಲು ಅಪ್ಪಯ್ಯನ ಕೈಗೆ ಕೊಟ್ಟೆ.

ಆಗ ತಡೆದವರು ಪಕ್ಕದ ಮನೆಯ ದೊಡ್ಡಪ್ಪ. ಸರ್ಕಾರಿ ಕೆಲಸದಿಂದ ನಿವೃತ್ತರಾದವರು. "ಮಗಾ, ಆ ಪದ ಬೇಡ" ಎಂದರು. ಪರಿಹಾರದ ಹಣ ಬರುವುದು ವಿಪತ್ತು ಪರಿಹಾರ ನಿಧಿಯಿಂದ. ಕೇಂದ್ರದ ಆ ಪಟ್ಟಿಯಲ್ಲಿ ಚಂಡಮಾರುತ ಇದೆ, ಪ್ರವಾಹ ಇದೆ, ಬರ, ಭೂಕಂಪ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ ಎಲ್ಲ ಇವೆ. ಕಡಲ್ಕೊರೆತ ಇಲ್ಲ. ಕೊರೆತ ಎಂದರೆ ದಿನಾ ಸ್ವಲ್ಪ ಸ್ವಲ್ಪ ಆಗುವುದು, ಅದು ವಿಪತ್ತು ಅಲ್ಲ ಎಂಬ ಲೆಕ್ಕ. ಮೇಲಿನ ಕಚೇರಿಯಲ್ಲಿ ಯಾರಾದರೂ ಆ ಪದ ಹಿಡಿದುಕೊಂಡರೆ ಕಡತ ಅಲ್ಲೇ ಕೂರುತ್ತದೆ.

ಗ್ರಾಮಲೆಕ್ಕಿಗರಿಗೆ ಹೇಳಿದೆವು. ಅವರು ಒಂದು ಮಾತೂ ಆಡದೆ ಹೊಸ ಹಾಳೆ ತೆಗೆದರು. '15-5-2021ರಂದು ತೌಕ್ತೆ ಚಂಡಮಾರುತದ ಗಾಳಿ, ಮಳೆ ಮತ್ತು ಅಲೆಗಳ ಹೊಡೆತದಿಂದ' ಎಂದು ಬರೆದರು. ಬಿದ್ದ ಗೋಡೆ ಅದೇ. ಬೀಳಿಸಿದ ಕಡಲೂ ಅದೇ. ಹಿಂದಿನ ದಿನ ಬರೆಸಿದ ಇನ್ನೊಂದು ಮನೆಯ ಪಂಚನಾಮೆಯಲ್ಲಿ ಮೊದಲಿನ ಪದವೇ ಉಳಿದಿತ್ತು. ಅದನ್ನು ತಿದ್ದಿಸಲು ನಾನು ಮತ್ತು ಆ ಮನೆಯ ಅಕ್ಕ ಮೂರು ಸಲ ಹೋಗಬೇಕಾಯಿತು. ಲಾಕ್‌ಡೌನ್ ಬೇರೆ. ಬಸ್ಸಿಲ್ಲ. ಬೆಳಿಗ್ಗೆ 6ರಿಂದ 10ರ ತನಕ ದಿನಸಿ ಅಂಗಡಿ ಮಾತ್ರ. ಜೆರಾಕ್ಸ್ ಅಂಗಡಿಯವರ ಮನೆಗೇ ಹೋಗಿ, ಅಂಗಡಿಯ ಹಿಂಬಾಗಿಲಿಂದ ನಕಲು ಮಾಡಿಸಿಕೊಂಡೆವು. ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಆಮೇಲೆ ಇಂಜಿನಿಯರ್ ಬಂದು ಹಾನಿ ಎಷ್ಟು ಎಂದು ಶೇಕಡಾವಾರು ಬರೆಯಬೇಕು. ಕನಿಷ್ಠ ಶೇ 15 ಹಾನಿ ಆಗಿದ್ದರೆ ಮಾತ್ರ ಭಾಗಶಃ ಹಾನಿ ಎಂದು ಪರಿಗಣಿಸುತ್ತಾರೆ. ನಾವು ಮಾಡಿದ ಒಂದು ತಪ್ಪು ಇಲ್ಲಿದೆ. ಮಳೆ ನೀರು ಒಳಗೆ ಬರುತ್ತದೆ ಎಂದು ಅಪ್ಪಯ್ಯ ಮತ್ತು ತಮ್ಮ ಸೇರಿ ಹಾರಿದ ಹಂಚನ್ನೆಲ್ಲ ಹೆಕ್ಕಿ ಮಾಡಿಗೆ ಮತ್ತೆ ಹೊದಿಸಿಬಿಟ್ಟಿದ್ದರು. ಇಂಜಿನಿಯರ್ ಬಂದಾಗ ಮಾಡು ಸರಿಯಾಗಿ ಕಾಣುತ್ತಿತ್ತು! ನಾನು 16ರ ಬೆಳಿಗ್ಗೆ ತೆಗೆದ ಫೋಟೊಗಳು ಮೊಬೈಲಿನಲ್ಲಿ ಇದ್ದವು, ದಿನಾಂಕ ಸಮೇತ. ಅವನ್ನು ತೋರಿಸಿದ ಮೇಲೆ ಮಾಡಿನ ಹಾನಿಯನ್ನೂ ಸೇರಿಸಿದರು. ಮಳೆಗಾಲದ ಬಾಗಿಲಲ್ಲಿ ಮಾಡು ತೆರೆದಿಟ್ಟು ಯಾರು ಕಾಯುತ್ತಾರೆ ಹೇಳಿ?

ದೋಣಿಯದು ಬೇರೆ ಅರ್ಜಿ, ಮೀನುಗಾರಿಕೆ ಇಲಾಖೆಗೆ. ಲೈಸೆನ್ಸ್ ಇದ್ದುದರಿಂದ ತೊಂದರೆ ಆಗಲಿಲ್ಲ. ಆಗಿನ ಕೇಂದ್ರದ ದರಪಟ್ಟಿ ನೋಡಿದೆ. ಭಾಗಶಃ ಹಾನಿಯಾದ ದೋಣಿಗೆ 4,100 ರೂಪಾಯಿ, ಬಲೆಗೆ 2,100. ಪೂರ್ತಿ ಹೋದ ದೋಣಿಗೆ 9,600, ಪೂರ್ತಿ ಹೋದ ಬಲೆಗೆ 2,600. ಈ ಅಂಕಿಗಳನ್ನು ಅಪ್ಪಯ್ಯನಿಗೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಸೀಳಿದ ಬದಿಗೆ ಫೈಬರ್ ಹಾಕಿಸಲು ಮಾತ್ರ ಅದರ ಎಷ್ಟೋ ಪಟ್ಟು ಖರ್ಚಾಯಿತು. ಈ ದರ ಬರೆದವರು ಒಮ್ಮೆ ನಮ್ಮ ದಡಕ್ಕೆ ಬಂದು ಒಂದು ಬಲೆಯ ಬೆಲೆ ಕೇಳಬೇಕಿತ್ತು ಎಂದು ನನಗೆ ನಿಜವಾಗಿ ಅನಿಸುತ್ತದೆ.

ಅರ್ಜಿಯಲ್ಲಿ ಸಾಲೇ ಇಲ್ಲದ ನಷ್ಟಗಳೂ ಇದ್ದವು. ಅಮ್ಮನ ಒಣಮೀನಿಗೆ ಸಾಲು ಇಲ್ಲ. ಶೆಡ್ಡು ಇದ್ದದ್ದು ಕಡಲ ಬದಿಯ ಮರಳಿನ ಮೇಲೆ. ಅದಕ್ಕೆ ಕಾಗದ ಇಲ್ಲ, ಹಾಗಾಗಿ ಅದೂ ಇಲ್ಲ. ಮೀನು ಒಣಗಿಸುವ ಜಾಗ, ದೋಣಿ ಎಳೆಯುವ ಜಾಗ, ಬಲೆ ಹರಡಿ ಕೂತು ಸರಿಮಾಡುವ ಜಾಗ, ಇವೆಲ್ಲ ದಡದ ಮೇಲೆ. ನಮ್ಮ ಕಡೆ ಹೆಂಗಸರ ದುಡಿಮೆಯೆಲ್ಲ ಹೆಚ್ಚಾಗಿ ಅಲ್ಲೇ. ಆ ಮರಳು ಯಾರ ಹೆಸರಲ್ಲೂ ಇಲ್ಲ. ಹಾಗಾಗಿ ಅದು ಹೋದಾಗ ಯಾರದ್ದೂ ಹೋದ ಹಾಗೆ ಆಗಲಿಲ್ಲ.

ಹೆಸರಲ್ಲಿ ಇದ್ದ ಭೂಮಿಯ ಕಥೆಯೂ ಅಷ್ಟೇ. ನಮ್ಮದು 12 ಸೆಂಟ್ಸ್ ಜಾಗ. ತೆಂಗಿನ ಮರ ಇದ್ದ ಭಾಗ, ಸುಮಾರು 3 ಸೆಂಟ್ಸ್, ಈಗ ನೀರು. ಭೂಕುಸಿತದಿಂದ ಅಥವಾ ನದಿ ದಿಕ್ಕು ಬದಲಿಸಿ ಸಣ್ಣ ರೈತರ ಜಮೀನು ಹೋದರೆ ಆ ದರಪಟ್ಟಿಯಲ್ಲಿ ಒಂದು ಮೊತ್ತ ಇದೆ. ಕಡಲು ತೆಗೆದುಕೊಂಡ ಜಾಗಕ್ಕೆ ಅಂಥದ್ದೊಂದು ಸಾಲು ನನಗೆ ಕಾಣಲಿಲ್ಲ. ಆರ್‌ಟಿಸಿಯಲ್ಲಿ ಇವತ್ತಿಗೂ 12 ಸೆಂಟ್ಸ್ ಅಂತಲೇ ಇದೆ. ಮೊನ್ನೆ ತೆಗೆಸಿದಾಗಲೂ ಹಾಗೇ ಇತ್ತು. ಅಪ್ಪಯ್ಯ ಅದನ್ನು ಸರಿಮಾಡಿಸಲು ಒಪ್ಪುವುದಿಲ್ಲ. ಕಾಗದದಲ್ಲಾದರೂ ಇರಲಿ, ಕಡಲು ಒಂದು ದಿನ ಮರಳು ವಾಪಸ್ ತಂದು ಹಾಕೀತು ಎನ್ನುತ್ತಾರೆ. ಹಾಗೆ ತಂದು ಹಾಕುವುದೂ ಉಂಟು. ಮಳೆಗಾಲದಲ್ಲಿ ಹೋದ ಮರಳು ಚಳಿಗಾಲಕ್ಕೆ ಮರಳುವುದನ್ನು ಅವರು ಅರವತ್ತು ವರ್ಷ ನೋಡಿದ್ದಾರೆ. ಈ ಸಲ ಸ್ವಲ್ಪ ಬಂತು. ಮರದ ಬುಡದ ತನಕ ಬರಲಿಲ್ಲ.

ಮನೆಯ ಹಣ ಆಗಸ್ಟ್‌ನಲ್ಲಿ ಖಾತೆಗೆ ಬಂತು. ಒಂದು ಗೋಡೆ ಮತ್ತು ಹಂಚು ಆಯಿತು. ಉಳಿದದ್ದಕ್ಕೆ ನನ್ನ ಸಂಬಳ ಇತ್ತು. ಸಂಬಳ ಇಲ್ಲದ ಮನೆಗಳವರು ಸಂಘದಿಂದ ಸಾಲ ತೆಗೆದರು.

ಕರಾವಳಿಯಲ್ಲಿ ಇರುವವರು ಇದನ್ನು ಓದುತ್ತಿದ್ದರೆ ಒಂದಿಷ್ಟು ಹೇಳುತ್ತೇನೆ, ದಯವಿಟ್ಟು ಸುಮ್ನೆ ಬಿಡಬೇಡಿ. ಮನೆ ಚೆನ್ನಾಗಿರುವಾಗಲೇ ನಾಲ್ಕೂ ಬದಿಯಿಂದ ಫೋಟೊ ತೆಗೆದಿಡಿ, ದೋಣಿ, ಇಂಜಿನ್ ನಂಬರ್, ಬಲೆಗಳದ್ದೂ. ಮನೆಯಿಂದ ದಡದ ಅಂಚಿಗೆ ಎಷ್ಟು ದೂರ ಎಂದು ಕಾಣುವ ಹಾಗೆ ಒಂದು ತೆಗೆಯಿರಿ. ಅವನ್ನು ಊರಿಂದ ಹೊರಗಿರುವ ಯಾರಿಗಾದರೂ ಕಳಿಸಿಡಿ. ಗಾಳಿ ಬಂದು ಹೋದ ಮೇಲೆ ಹಂಚು ಹೊದಿಸುವ ಮೊದಲು ಮತ್ತೆ ತೆಗೆಯಿರಿ. ಪಂಚನಾಮೆಗೆ ಸಹಿ ಹಾಕುವ ಮುಂಚೆ ಪೂರ್ತಿ ಓದಿ, ಓದಲು ಬಾರದಿದ್ದರೆ ಮಕ್ಕಳ ಕೈಲಿ ಓದಿಸಿ. ದಿನಾಂಕ ಮತ್ತು ಚಂಡಮಾರುತದ ಹೆಸರು ಅದರಲ್ಲಿ ಇರಲಿ. ಒಂದು ಪ್ರತಿ ಕೇಳಿ ಪಡೆಯಿರಿ.

ಅಪ್ಪಯ್ಯ ಈಗ ಮೇ ತಿಂಗಳು ಹತ್ತಿರ ಬಂದ ಕೂಡಲೇ ದೋಣಿಯನ್ನು ಹೆದ್ದಾರಿ ದಾಟಿಸಿ ಹೊಳೆ ಬದಿಯಲ್ಲಿ ಕಟ್ಟುತ್ತಾರೆ. ದೋಣಿ ದಾಟಿಸಲು ಆ ಟೆಂಪೊದ ಹುಡುಗನೇ ಬರುತ್ತಾನೆ. ಚಿಕ್ಕಮ್ಮನ ಮಗನೂ ಒಂದು ಬದಿ ಕೈ ಕೊಡುತ್ತಾನೆ. ಅಮ್ಮ ಒಣಮೀನನ್ನು ಶಾಲೆಯ ಹಿಂದಿನ ಅಕ್ಕನ ಮನೆಯ ಅಟ್ಟದಲ್ಲಿ ಇಡುತ್ತಾಳೆ. ವಾಸನೆ ಬರುತ್ತದೆ ಎಂದು ಆ ಅಕ್ಕ ಇದುವರೆಗೆ ಒಂದು ಮಾತೂ ಹೇಳಿಲ್ಲ.